ಗಾಳಿ ಮಿಸ್ತ್ರಿ

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಎ.ಸಿ. ಗಾಳಿ ಬಿಡುವುದನ್ನು ಕಡಿಮೆ ಮಾಡಿತು. ಸದ್ದು ಇದೆ, ಹಸಿರು ದೀಪ ಉರಿಯುತ್ತಿದೆ, ಆದರೆ ಎದುರಿಗೆ ಕೈ ಒಡ್ಡಿದರೆ ಅಂಗೈಗೆ ಏನೂ ತಾಕುವುದಿಲ್ಲ. ಒಳಗೆ ಧೂಳು ತಡೆಯುವ ಜಾಳಿಗೆ ತೆಗೆದು ತೊಳೆದು ಹಾಕಿದೆ. ಆದರೂ ಅಷ್ಟೇ. ಕೊನೆಗೆ ಹಳೆಯ ಡೈರಿಯಲ್ಲಿ ‘ಗಾಳಿ ಮಿಸ್ತ್ರಿ, ರಬಕವಿ’ ಎಂದು ಬರೆದಿಟ್ಟಿದ್ದ ನಂಬರಿಗೆ ಫೋನು ಹಚ್ಚಿದೆ. ಅವರ ಜೊತೆ ಮಾತಾಡಿ ಎರಡು ವರ್ಷವಾಗಿತ್ತು. ಬಹಳ ಹೊತ್ತು ಬಾರಿಸಿದ ಮೇಲೆ ವಯಸ್ಸಾದ ಹೆಣ್ಣುಮಗಳೊಬ್ಬರು ಎತ್ತಿದರು.

“ಮಿಸ್ತ್ರಿಯವ್ರ ಅದಾರೇನ್ರಿ?”

“ಇಲ್ರಿ.”

“ಯಾವಾಗ ಬರ್ತಾರ್ರಿ?”

ಆ ಕಡೆ ದೂರದಲ್ಲಿ ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು.

“ಅಂವ ಹೋಗಿ ಒಂದೂವರಿ ತಿಂಗಳಾತ್ರಿ ಯವ್ವಾ. ನಾ ಅವನ ಅಕ್ಕ.” ಮತ್ತೆ ಅವರೇ ಕೇಳಿದರು: “ನಿಮ್ಮ ಮನ್ಯಾಗೂ ಗಾಳಿ ಬರಾಕತ್ತಿಲ್ಲೇನ್ರಿ? ಫೋನ್ ಹಚ್ಚಾವ್ರೆಲ್ಲ ಅದನ್ನ ಹೇಳ್ತಾರ.”

ಇಲ್ಲ, ಸುಮ್ಮನೆ ಮಾತಾಡಿಸಲು ಹಚ್ಚಿದ್ದೆ ಎಂದು ಸುಳ್ಳು ಹೇಳಿ ಫೋನಿಟ್ಟೆ.

ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ, ನಾನೂ ಇಲ್ಲಿ ಬಳಸುವುದಿಲ್ಲ. ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆಗೂ ಅವರು ಗಾಳಿ ಮಿಸ್ತ್ರಿ. ಎ.ಸಿ. ರಿಪೇರಿ ಮಾಡುವ ಬೇರೆಯವರೂ ಇದ್ದರು. ಅವರಿಗೆಲ್ಲ ‘ಎ.ಸಿ.ಯಾಂವ’ ಎಂದರೆ ಸಾಕಾಗುತ್ತಿತ್ತು. ಇವರಿಗೆ ಮಾತ್ರ ಈ ಹೆಸರು ಏಕೆ ಬಂತೆಂದರೆ, ‘ಥಂಡಿ ಆಗವಲ್ದು’ ಎಂದು ಕರೆದರೆ ಹತ್ತು ದಿನ ಬಿಟ್ಟು ಬರುತ್ತಿದ್ದ ಮನುಷ್ಯ ‘ಗಾಳಿನ ಬರವಲ್ದು’, ಗಾಳಿಯೇ ಬರುತ್ತಿಲ್ಲ, ಎಂದರೆ ಅವತ್ತೇ ಬಸ್ಸು ಹತ್ತುತ್ತಿದ್ದರು. ನಮ್ಮ ಕಡೆ ಗಾಳಿ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ. ಹಾಗಾಗಿ ಕೆಲವರು ಅವರನ್ನು ದೆವ್ವ ಬಿಡಿಸುವವರೆಂದೇ ತಿಳಿದು ಗುಟ್ಟಾಗಿ ಮನೆಗೆ ಕರೆದದ್ದೂ ಉಂಟು. ಅವರು ನಗುತ್ತಲೂ ಇರಲಿಲ್ಲ, ಸಿಟ್ಟಿಗೇಳುತ್ತಲೂ ಇರಲಿಲ್ಲ. “ಮೊದಲ ಕಿಡಕಿ ತಗೀರಿ, ಆಮ್ಯಾಲ ಮಾತಾಡೂಣು” ಎನ್ನುತ್ತಿದ್ದರು.

ತೆಳ್ಳಗೆ ಎತ್ತರದ ಆಳು. ಐವತ್ತು ದಾಟಿದ್ದರೂ ನೆಟ್ಟಗೆ ನಡೆಯುತ್ತಿದ್ದರು. ಮೊದಲು ಕೈಮಗ್ಗದಲ್ಲಿದ್ದವರು. ಅಂಗಿಯ ಎರಡನೆಯ ಗುಂಡಿಗೆ ಒಂದು ಗೇಣಿನಷ್ಟು ಬಿಳಿ ನೂಲು ಸುತ್ತಿಕೊಂಡಿರುತ್ತಿದ್ದರು. ಮನೆಯೊಳಗೆ ಬಂದವರೇ ಅದನ್ನು ಬಿಚ್ಚಿ ಎ.ಸಿ.ಯ ಬಾಯಿಗೆ ಹಿಡಿಯುವರು. ನೂಲು ಎಷ್ಟು ಮೇಲೆದ್ದಿತು, ಎಷ್ಟು ನಡುಗಿತು, ಯಾವ ಕಡೆ ಓಲಿತು ಎಂಬುದನ್ನು ನೋಡುತ್ತ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುವರು. ಆ ನಿಮಿಷದಲ್ಲಿ ಯಾರಾದರೂ ಮಾತಾಡಿದರೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು. ರೋಗಿಯ ನಾಡಿ ಹಿಡಿದವರ ಹಾಗೆ.

ಮುಚ್ಚಿದ ಕೋಣೆಯಲ್ಲಿ ಅವರು ಕೂತದ್ದನ್ನು ಯಾರೂ ನೋಡಿಲ್ಲ. ಚಹಾ ಕೊಟ್ಟರೆ ಅಂಗಳಕ್ಕೆ ತಂದು ಕುಡಿಯುವರು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರವೇ ನಿಂತು ಬರುವರು. “ಕೂಡ್ರಲ್ರಿ” ಎಂದು ಕಂಡಕ್ಟರು ಬೈದರೆ “ಇಲ್ಲೇ ಛಲೋ ಐತ್ರಿ” ಎನ್ನುವರು.

ಮುಧೋಳದಲ್ಲಿ ಒಂದು ಮನೆಯ ಸಂಗತಿ ಅವರೇ ಹೇಳಿದ್ದು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಒಬ್ಬರ ಮನೆ. ಅವರು ಸಾಕಿದ್ದ ಬೇಟೆನಾಯಿ ಒಂದು ದಿನ ಇದ್ದಕ್ಕಿದ್ದಂತೆ ಎ.ಸಿ. ಕೋಣೆಯೊಳಗೆ ಕಾಲಿಡುವುದನ್ನು ಬಿಟ್ಟಿತು. ಹೊಸ್ತಿಲ ಮೇಲೆ ನಿಂತು ಮೇಲಕ್ಕೆ ನೋಡುತ್ತ ಗುರುಗುಟ್ಟುವುದು. ಅದೇ ವಾರ ಗಾಳಿಯೂ ನಿಂತಿತು. ಇವರು ಹೋಗಿ ಮುಚ್ಚಳ ಬಿಚ್ಚಿದರೆ ಒಳಗೆ ತಿರುಗುವ ಉರುಳೆಗೆ ಉದ್ದಕ್ಕೂ ಹಾವಿನ ಪೊರೆ ಸುತ್ತಿಕೊಂಡಿತ್ತು. ಪೈಪು ಹೊರಗೆ ಹೋಗುವ ತೂತಿನಿಂದ ಬಂದಿರಬೇಕು. ಪೊರೆ ಸಿಕ್ಕಿತು, ಹಾವು ಸಿಗಲಿಲ್ಲ. ತೂತಿಗೆ ಸಿಮೆಂಟು ಮೆತ್ತಿ ಬಂದರು. ಆ ಮನೆಯವರು ಮತ್ತೆ ಆರು ತಿಂಗಳು ಆ ಕೋಣೆಯಲ್ಲಿ ಮಲಗಲಿಲ್ಲವಂತೆ. “ಹಾವ ಒಳಗ ಇದ್ದಾಗ ಮುಚ್ಚೀನೋ, ಹೊರಗ ಹೋದ ಮ್ಯಾಲ ಮುಚ್ಚೀನೋ, ಅದನ್ನ ನಾ ಹ್ಯಾಂಗ ಹೇಳ್ಲಿ ಬಾಯಾರ?” ಎಂದು ನನ್ನನ್ನು ಕೇಳಿದ್ದರು. ಶಾಲೆ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುವುದು ರೂಢಿ.

ಇನ್ನೊಂದು ಬೀಳಗಿ ಕಡೆಯದು. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ, ಹೊಸ ಊರಿನಲ್ಲಿ ಮನೆ ಕಟ್ಟಿಸಿಕೊಂಡಿದ್ದ ಒಬ್ಬ ಮುದುಕರು ಎ.ಸಿ.ಯಿಂದ ಗಾಳಿ ಕಡಿಮೆ, ಬಂದಷ್ಟರಲ್ಲೂ ರಾಡಿಯ ವಾಸನೆ ಎಂದು ಕರೆಸಿದರು. ನೀರು ಹೊರಗೆ ಹೋಗುವ ನಳಿಕೆ ಕಟ್ಟಿಕೊಂಡು, ಒಳಗಿನ ತಟ್ಟೆಯಲ್ಲಿ ಪಾಚಿ ಬೆಳೆದಿತ್ತು. ಮಿಸ್ತ್ರಿ ಎಲ್ಲ ತೊಳೆದು, ಚೊಕ್ಕ ಮಾಡಿ ಚಾಲೂ ಮಾಡಿದರು. ಗಾಳಿ ಛಲೋ ಬಂತು. ಆದರೆ ಮುದುಕರು ಕೋಣೆಯ ನಡುವೆ ನಿಂತು ಮೂಗೆಳೆದು ನೋಡಿ ಅಳತೊಡಗಿದರು. ಅದು ಅವರ ಹಳೆಯ ಊರಿನ ಹೊಳೆದಂಡೆಯ ವಾಸನೆಯಾಗಿತ್ತಂತೆ. ಹಿಂದಿನ ದಿನವೂ ಆ ವಾಸನೆಯಲ್ಲಿ ಕೂತು ಅಕ್ಕಪಕ್ಕದ ಮನೆಯವರ ಹೆಸರು ಹಿಡಿದು ಮಾತಾಡಿದ್ದರಂತೆ. ಅವರೆಲ್ಲ ಎಂದೋ ತೀರಿಹೋದವರು. “ಕರಸಿದಾವ್ರೂ ಅವರ, ಅತ್ತಾವ್ರೂ ಅವರ” ಎಂದು ಮಿಸ್ತ್ರಿ ತಲೆಯಾಡಿಸಿದ್ದರು.

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ತಂಗಿಯ ಬಾಣಂತನದ ವರ್ಷ. ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ತಂಗಿ ಸುಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಮ್ಮೂರಿನ ಬಿಸಿಲಿಗೆ ಹೆಂಡತಿ, ಕೂಸು ಬೆಂದುಹೋಗಬಾರದೆಂದು ಅವಳ ಗಂಡ ವಿಜಯಪುರದಿಂದ ಒಂದು ಎ.ಸಿ. ಕಳಿಸಿದ. ಅದನ್ನು ಕೂಡಿಸಲು ಬಂದವರೇ ಈ ಮಿಸ್ತ್ರಿ. ಥಂಡಿ ಹೊರಗೆ ಹೋಗದ ಹಾಗೆ ಕಿಡಕಿಗಳನ್ನೆಲ್ಲ ಬಿಗಿ ಮಾಡಿರಿ ಎಂದು ತಂಗಿಯ ಗಂಡ ಫೋನಿನಲ್ಲಿ ಹೇಳಿದ್ದ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಎರಡೂ ಕಿಡಕಿಯ ಸಂದಿಗೆ ಪಟ್ಟಿ ಅಂಟಿಸಿದರು. ಮೇಲಿನ ಗವಾಕ್ಷಿಯನ್ನು ಮಾತ್ರ ಮುಟ್ಟಲಿಲ್ಲ. “ಇದನ್ನ ಮುಚ್ಚಬ್ಯಾಡ್ರಿ. ಖೋಲಿಗೆ ಉಸುರಾಡಾಕ ಒಂದರ ಜಾಗಾ ಬೇಕು,” ಎಂದು ಅವ್ವನಿಗೆ ಎರಡು ಸಲ ಹೇಳಿ ಹೋದರು.

ಮಾರ್ಚಿನಲ್ಲಿ ಹೆರಿಗೆಯಾಯಿತು. ಗಂಡು ಕೂಸು. ಅವ್ವನ ಕೈಯಲ್ಲಿ ಬಾಣಂತನವೆಂದರೆ ಹುಡುಗಾಟವಲ್ಲ. ಎರೆದ ಮೇಲೆ ಮೈ ಕಾಯಿಸಬೇಕು, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡಬೇಕು, ಹೊರಗಿನ ಗಾಳಿ ಸೋಕಬಾರದು. ಸುಮಾಗೆ ಆ ಸೆಕೆ ತಡೆಯದು. ಕೊನೆಗೆ ಒಪ್ಪಂದವಾಯಿತು. ಬೆಳಿಗ್ಗೆ ಅವ್ವನ ಹೊಗೆ, ಮಧ್ಯಾಹ್ನ ಎ.ಸಿ.ಯ ಥಂಡಿ. ಹೊಗೆ ಕೊಟ್ಟ ಮೇಲೆ ಕೆಂಡದ ಶೆಗಡಿಯನ್ನು ಹೊರಗಿಡುತ್ತೇನೆಂದು ಅವ್ವ ಒಪ್ಪಿದಳು. ನನಗೆ ಬೆಳಗಿನ ಶಾಲೆ. ನಾನು ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದು ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು.

ಮೂರನೆಯ ವಾರದಲ್ಲಿ ಸುಮಾ ಒಂದು ಮಾತು ಹೇಳಿದಳು.

“ಅಕ್ಕಾ, ಎರಡ ಹೊಡದ ಮ್ಯಾಲ ಯಾರೋ ಬರ್ತಾರ.”

“ಯಾರ?”

“ಗೊತ್ತಿಲ್ಲ. ಒಬ್ಬಾಕಿ ಹೆಣಮಗಳು. ಅಕಿ ಬರೂ ಮುಂದ ಎ.ಸಿ. ಉಸರ ಬಿಡೂದ ನಿಲ್ಲಸತೈತಿ. ನಂಗ ಕೈ ಎತ್ತಾಕ ಆಗೂದಿಲ್ಲ. ಒದರಬೇಕಂದ್ರ ದನಿ ಬರೂದಿಲ್ಲ.”

ಬಾಣಂತಿಯ ನಿಶ್ಶಕ್ತಿ ಎಂದು ನಾನು ಸಮಾಧಾನ ಹೇಳಿದೆ. ಅವ್ವ ಹಾಗೆ ತಿಳಿಯಲಿಲ್ಲ. ತಲೆದಿಂಬಿನ ಕೆಳಗೆ ಕುಡುಗೋಲು ಬಂತು. ಬಾಗಿಲಿಗೆ ಬೇವಿನ ತೊಪ್ಪಲು ಬಂತು. ಹೊಗೆ ದಿನಕ್ಕೆ ಒಂದು ಸಲ ಇದ್ದದ್ದು ಎರಡು ಸಲವಾಯಿತು. ಸುಮಾ ಊಟ ಬಿಟ್ಟಳು, ತಲೆನೋವು ಎಂದು ಹಣೆಗೆ ಅರಿವೆ ಬಿಗಿದುಕೊಂಡು ಮಲಗುವಳು. ಆದರೆ ಅವಳ ಮಾರಿ ಮಾತ್ರ ಕೆಂಪಗೆ ಹೊಳೆಯುತ್ತಿತ್ತು. “ನೋಡ, ನನ್ನ ಬಾಣಂತನಕ್ಕ ಹ್ಯಾಂಗ ಕಳೆ ಬಂದೈತಿ” ಎಂದು ಅವ್ವ ಓಣಿಯವರಿಗೆಲ್ಲ ತೋರಿಸುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ನಾನೂ ಆ ಕೋಣೆಯಲ್ಲಿ ಸುಮಾಳ ಪಕ್ಕ ಮಲಗಿದೆ. ಹೊರಗೆ ಬಿಸಿಲಿಗೆ ನಾಯಿಯೂ ಬೊಗಳುತ್ತಿರಲಿಲ್ಲ. ಎ.ಸಿ. ಗುಂಯ್‌ಗುಟ್ಟುತ್ತಿತ್ತು, ಗಾಳಿ ಇರಲಿಲ್ಲ. ಎಷ್ಟು ಹೊತ್ತಾಯಿತೋ, ಪಡಸಾಲೆಯಲ್ಲಿ ಟಕ್ ಟಕ್ ಎಂದು ಕೋಲಿನ ಸದ್ದು ಕೇಳಿಸಿತು. ಅಪ್ಪ ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಕೋಲು, ಹೆಜ್ಜೆ, ಎಳೆತ. ಕೋಲು, ಹೆಜ್ಜೆ, ಎಳೆತ. ಸದ್ದು ಬಾಗಿಲ ತನಕ ಬಂದು ನಿಂತಿತು. ಏಳಬೇಕೆಂದರೆ ನನ್ನ ಕಾಲು ನನ್ನದಾಗಿರಲಿಲ್ಲ. ಕೂಸು ಪಕ್ಕದಲ್ಲಿ ಅಳದೆ, ಅಲುಗದೆ ಮಲಗಿತ್ತು. ಆಮೇಲೆ ಅವ್ವ ಬಾಗಿಲು ತೆಗೆದಾಗ ಎಚ್ಚರವಾಯಿತು. ತಲೆ ಸಿಡಿಯುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ವಿಜ್ಞಾನದ ಬಾಯಾರು ಸತ್ತ ಅಪ್ಪನ ಹೆಜ್ಜೆ ಕೇಳಿದೆನೆಂದು ಹೇಗೆ ಹೇಳಬೇಕು? ಮರುದಿನ ಮಿಸ್ತ್ರಿಗೆ ಫೋನು ಮಾಡಿ ಇಷ್ಟೇ ಹೇಳಿದೆ: “ಎ.ಸಿ. ಒಳಗ ಗಾಳಿನ ಬರವಲ್ದ್ರಿ.”

“ಖೋಲ್ಯಾಗ ಯಾರ ಇರ್ತಾರ್ರಿ?” ಎಂದರು.

“ಬಾಣಂತಿ, ಕೂಸು.”

“ಈಗ ಹೊಂಟೆ ನೋಡ್ರಿ” ಎಂದವರು ಫೋನು ಇಡುವುದನ್ನೂ ಮರೆತರು. ಚಪ್ಪಲಿ ಮೆಟ್ಟಿ ಓಡಿದ ಸದ್ದು ನನಗೆ ಕೇಳಿಸಿತು.

ಎರಡು ಗಂಟೆಗೆ ಬಂದರು. ಬೆವರಿನಲ್ಲಿ ಅಂಗಿ ತೊಯ್ದಿತ್ತು. ಅವ್ವ ಬಾಗಿಲಲ್ಲಿ ಅಡ್ಡ ನಿಂತು, ಬಾಣಂತಿ ಮಲಗ್ಯಾಳ, ಎದ್ದ ಮ್ಯಾಲ ನೋಡ್ರಿ ಎಂದಳು. ಅವರು ಮಾತಾಡದೆ ಬಾಗಿಲು ತಳ್ಳಿ ಹೊಸ್ತಿಲಲ್ಲಿ ನಿಂತರು. ಗುಂಡಿಯ ನೂಲು ಬಿಚ್ಚಿ ಹಿಡಿದರು. ಕತ್ತಲಾದ ಕೋಣೆಯಲ್ಲಿ ಆ ನೂಲು ಒಂದಿಷ್ಟೂ ಅಲುಗದೆ ನೇರ ಜೋತುಬಿತ್ತು. ಅವರು ಎ.ಸಿ.ಯ ಕಡೆ ನೋಡಲೇ ಇಲ್ಲ. ಮೇಲೆ ಗವಾಕ್ಷಿಯನ್ನು ನೋಡಿದರು. ಅದಕ್ಕೆ ಅವ್ವ ಹಳೆಯ ಕೌದಿ ತುರುಕಿದ್ದಳು. ಸುಮಾಳ ಮಾರಿ ನೋಡಿದರು. ಆಮೇಲೆ ಬಗ್ಗಿ ಮಂಚದ ಕೆಳಗೆ ನೋಡಿದರು.

ಮಂಚದ ಕೆಳಗೆ ಶೆಗಡಿ ಇತ್ತು. ಮೇಲೆ ಬೂದಿ ಮುಚ್ಚಿತ್ತು, ಬೂದಿಯ ಕೆಳಗೆ ಕೆಂಡ ಇನ್ನೂ ಕೆಂಪಗಿತ್ತು. ಮಷೀನಿನ ಥಂಡಿಗೆ ಕೂಸಿಗೆ ನೆಗಡಿಯಾದೀತೆಂದು ಅವ್ವ ನನ್ನ ಕಣ್ಣು ತಪ್ಪಿಸಿ ಅದನ್ನು ದಿನಾ ಅಲ್ಲೇ ಬಿಡುತ್ತಿದ್ದಳು.

“ಬಾಯಾರ, ತಂಗಿನ್ನ ಹೊರಗ ಎಳೀರಿ!”

ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಚೀಲದಿಂದ ಕಬ್ಬಿಣದ ಪಾನಾ ತೆಗೆದು ಕಿಡಕಿಯ ಗಾಜಿಗೆ ಬೀಸಿದರು. ಗಾಜು ಸಿಡಿದು ಬಿಸಿಲು ಒಳಗೆ ಬಿತ್ತು. ಕೂಸನ್ನು ಎತ್ತಿ ಎದೆಗವಚಿಕೊಂಡು ಅಂಗಳಕ್ಕೆ ಓಡಿದರು. ಅವ್ವ ಒದರತೊಡಗಿದಳು, “ಕೂಸಿಗೆ ಗಾಳಿ ಹತ್ತತೈತಿ, ಒಳಗ ತಗೊಂಡ ಬಾ” ಎಂದು ಅವರ ತೋಳು ಹಿಡಿದು ಜಗ್ಗಿದಳು. ನಾನು ಸುಮಾಳನ್ನು ಬಗಲಿಗೆ ಕೈಹಾಕಿ ಎಳೆಯುತ್ತಿದ್ದೆ. ಅವಳ ಕುತ್ತಿಗೆ ನಿಲ್ಲುತ್ತಿರಲಿಲ್ಲ.

ಅಂಗಳದಲ್ಲಿ ಅವರು ಕೂಸನ್ನು ಅಂಗೈ ಮೇಲೆ ಮಲಗಿಸಿಕೊಂಡು ಅದರ ಮಾರಿಗೆ ತಮ್ಮ ಮಾರಿ ಹತ್ತಿರ ತಂದು ನಿಂತಿದ್ದರು. ಕೂಸು ಅಳಲಿಲ್ಲ. ಗುಲಾಬಿ ಬಣ್ಣ ತಿರುಗಿದ್ದ ಆ ಪುಟ್ಟ ಮಾರಿ ಎಷ್ಟು ಚೆಂದವಿತ್ತೆಂದರೆ, ನನಗೆ ಭಯವಾಯಿತು. ಅವರು ಅದರ ಅಂಗಾಲಿಗೆ ಬೆರಳಿನಿಂದ ಬಡಿಯುತ್ತ, “ಬಾ ನನ್ನಪ್ಪಾ, ಬಾ, ಬಾ” ಎಂದು ಮೆಲ್ಲಗೆ ಕರೆಯುತ್ತಿದ್ದರು. ಎಲ್ಲಿಗೋ ಹೊರಟವನನ್ನು ಹಿಂದಕ್ಕೆ ಕರೆಯುವ ಹಾಗೆ. ಕೊನೆಗೊಮ್ಮೆ ಕೂಸು ಬಾಯಿ ತೆರೆಯಿತು. ಮೊದಲು ಸದ್ದೇ ಇಲ್ಲದೆ ತೆರೆಯಿತು, ಆಮೇಲೆ ಅತ್ತಿತು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಚ್ಚಿದರು. ನಾನು ಡಾಕ್ಟರನ್ನು ಬದಿಗೆ ಕರೆದು ಕೆಂಡದ ವಿಷಯ ಹೇಳಿದೆ. ಎಂಟನೆಯ ತರಗತಿಗೆ ಪ್ರತಿ ವರ್ಷ ದಹನಕ್ರಿಯೆಯ ಪಾಠ ಮಾಡುವವಳು ನಾನು. ಸಾಕಷ್ಟು ಗಾಳಿ ಇಲ್ಲದ ಕಡೆ ಇದ್ದಿಲು ಉರಿದರೆ ಯಾವ ವಿಷಾನಿಲ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತಕ್ಕೆ ಸೇರಿದರೆ ಮೈ ಹೇಗೆ ಕೆಂಪಾಗುತ್ತದೆ ಎಂದೆಲ್ಲ ಹೇಳಿಕೊಟ್ಟಿದ್ದೆ. ನಮ್ಮ ಮನೆಯ ಕೋಣೆಯಲ್ಲಿ ಅದು ನನ್ನ ಪಕ್ಕದಲ್ಲೇ ಮಲಗಿದ್ದಾಗ ಗುರುತಿಸಲಿಲ್ಲ.

ಹೊರಗೆ ಅವ್ವ ಮಿಸ್ತ್ರಿಯ ಮುಂದೆ ನಿಂತಿದ್ದಳು. “ಏನಾಗಿತ್ತ? ಖರೆ ಹೇಳ, ಏನಾಗಿತ್ತ ನನ್ನ ಮಗಳಿಗೆ?” ಎಂದು ಕೇಳುತ್ತಿದ್ದಳು. ಉತ್ತರ ಅವಳೊಳಗೆ ಎಲ್ಲೋ ಅರ್ಧ ಎದ್ದಿತ್ತೆಂದು ನನಗೆ ಅನ್ನಿಸಿತು. ಮಿಸ್ತ್ರಿ ಅವಳ ಮಾರಿಯನ್ನೇ ನೋಡಿದರು. ಆಮೇಲೆ ಕೈಮುಗಿದರು.

“ಮಷೀನಿನ ಗ್ಯಾಸ್ ಸೋರಿತ್ರಿ ಅವ್ವಾರ. ಕಿಡಕಿ ಬಿಗಿ ಮಾಡಿದಾವ ನಾನ. ನಂದ ತಪ್ಪ್ರಿ.”

ಅವ್ವನಿಗೆ ಅಷ್ಟು ಸಾಕಾಯಿತು. ಆಸ್ಪತ್ರೆಯ ಮಂದಿಯೆಲ್ಲ ತಿರುಗಿ ನೋಡುವಂತೆ ಬೈದಳು. ನನ್ನ ಮಗಳ ಜೀವಾ ತಗೀತಿದ್ದೆಲ್ಲೊ ಎಂದು ಎದೆ ಬಡಿದುಕೊಂಡಳು. ಅವರು ತಲೆ ತಗ್ಗಿಸಿ ನಿಂತರು. ಬೈಗುಳ ಮುಗಿದ ಮೇಲೆ ಒಂದೇ ಮಾತು ಹೇಳಿದರು: “ಕೆಂಡದ ಕಾವಿಗೆ ಆ ಮಷೀನ ಕೆಡತೈತ್ರಿ. ಇನ್ನ ಮ್ಯಾಲ ಎ.ಸಿ. ಇದ್ದ ಖೋಲ್ಯಾಗ ಕೆಂಡ ಒಯ್ಯಬ್ಯಾಡ್ರಿ. ಅಷ್ಟ ನಡಸಿ ಕೊಡ್ರಿ.”

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ, ಬ್ಯಾಡ ಎನ್ನುವಂತೆ ತಲೆಯಾಡಿಸಿದರು. ನಾನು ಸುಮ್ಮನಾದೆ. ಹಾಗೆ ಸುಮ್ಮನಿದ್ದದ್ದು ನನಗೆ ಇವತ್ತಿಗೂ ಭಾರ. ಏಕೆಂದರೆ ಅವ್ವ ಆ ಮಾತನ್ನು ಓಣಿತುಂಬ ಹೇಳಿದಳು, ಓಣಿ ಊರತುಂಬ ಹೇಳಿತು. ಅವತ್ತಿನಿಂದ ಜಮಖಂಡಿಯಲ್ಲಿ ಅವರನ್ನು ಕೆಲಸಕ್ಕೆ ಕರೆಯುವ ಮನೆಗಳು ಒಂದೊಂದಾಗಿ ಕಡಿಮೆಯಾದವು.

ವಾರದ ಮೇಲೆ ಅವರು ತಾವಾಗಿಯೇ ಬಂದರು. ಕರೆದ ಕೆಲಸ ಅರ್ಧ ಉಳಿದಿತ್ತಲ್ಲ, ಅದಕ್ಕೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ, ಚಹಾ ಕೊಡಲಿಲ್ಲ. ಕೋಣೆಯ ಕಿಡಕಿಗೆ ಗಾಜೇ ಇರಲಿಲ್ಲ, ಗಾಳಿ ಧಾರಾಳ ಆಡುತ್ತಿತ್ತು. ಸುಮಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಮಿಸ್ತ್ರಿ ಎ.ಸಿ.ಯ ಜಾಳಿಗೆ ಕಳಚಿ ಬಿಸಿಲಿಗೆ ಹಿಡಿದು ನನಗೆ ತೋರಿಸಿದರು. ಅದು ರೊಟ್ಟಿ ಸುಡುವ ಹಂಚಿನ ಹಾಗೆ ಕರ್ರಗಾಗಿತ್ತು. ಬಿಸಿಲಿನ ಒಂದು ಎಳೆಯೂ ಅದನ್ನು ದಾಟುತ್ತಿರಲಿಲ್ಲ.

“ನೋಡ್ರಿ ಬಾಯಾರ, ಗಾಳಿ ಬ್ಯಾರೆ, ಥಂಡಿ ಬ್ಯಾರೆ. ಥಂಡಿ ಕೊಡೂದು ಗ್ಯಾಸು, ಗಾಳಿ ಕೊಡೂದು ಒಳಗಿನ ಉರುಳಿ. ಗಾಳಿ ಕಡಿಮಿ ಆತಂದ್ರ ಮೊದಲ ಈ ಜಾಳಿಗಿ ತೊಳೀರಿ, ನೆಳ್ಳಾಗ ಒಣಗಸ್ರಿ. ಹೊಗಿ, ಧೂಳ, ನಮ್ಮ ಕಡೆ ಮನ್ಯಾಗಾದ್ರ ನೂಲಿನ ಜುಂಗು, ಎಲ್ಲಾ ಇಲ್ಲೇ ಕೂಡತೈತಿ. ಆದ್ರೂ ಬರ್ಲಿಲ್ಲಂದ್ರ ಒಳಗ ಬರ್ಫ ಕಟ್ಟೇತೇನ ನೋಡ್ರಿ. ಕಟ್ಟಿದ್ರ ಥಂಡಿ ಬಂದ ಮಾಡಿ ಬರೇ ಫ್ಯಾನ್ ಹಚ್ಚಿ ಎರಡ ತಾಸ ಬಿಡ್ರಿ, ಕರಗತೈತಿ. ಮತ್ತ ಮತ್ತ ಕಟ್ಟಿದ್ರ ಅವಾಗ ಗ್ಯಾಸಿನ ಮಾತು. ಬರ್ಫೂ ಇಲ್ಲಂದ್ರ ಉರುಳಿಗೆ ಹೊಲಸ ಹಿಡದಿರತೈತಿ, ಇಲ್ಲಾ ಅದನ್ನ ತಿರಗಸೂ ಮೋಟಾರ ಸೋತಿರತೈತಿ. ಅದಕ್ಕ ನನ್ನ ಕರೀರಿ.”

ಹೀಗೆ ಹೇಳುತ್ತ ಅವರು ನಲ್ಲಿಯ ಕೆಳಗೆ ಕೂತು ಜಾಳಿಗೆ ತೊಳೆಯುತ್ತಿದ್ದರು. ಕರಿನೀರು ಅಂಗಳದಲ್ಲಿ ಹರಿಯುತ್ತಿತ್ತು. ಆಗ ಸುಮಾ, ಯಾರೂ ಕೇಳದೆಯೇ, ಆ ಹೆಣ್ಣುಮಗಳ ವಿಷಯ ತೆಗೆದಳು.

“ಮಿಸ್ತ್ರಿಯವ್ರ, ಗ್ಯಾಸ್ ಕುಡದ್ರ ಹಂಗೆಲ್ಲಾ ಕಾಣತೈತೇನ್ರಿ? ನನಗ ದಿನಾ ಅಕಿನ ಕಾಣತಿದ್ಲು. ತಲೀ ಎರಕೊಂಡ ಬಂದಾಕಿ, ಕೂದ್ಲ ಹಸೀ ಹಂಗ ಬಿಟಗೊಂಡಿದ್ಲು. ನನ್ನ ಕಡೆ ನೋಡತಿದ್ದಿಲ್ಲ. ಕಿಡಕಿ ಹತ್ತಿರ ಹೋಗಿ ಭುಜಾ ಕೊಟ್ಟ ದೂಡತಿದ್ಲು.”

ಮಿಸ್ತ್ರಿಯ ಕೈ ನಿಂತಿತು. “ಭುಜಾ ಯಾಕ್ರಿ?”

“ಎರಡೂ ಕೈಯಾಗ ಏನೋ ಹಿಡಕೊಂಡಿದ್ಲು. ಅದಕ್ಕ.”

“ಏನರ ಅಂದ್ಲೇನ್ರಿ?”

“ಒಂದ ಮಾತ ಅನ್ನಾಕಿ. ‘ಉಬ್ಬೇತಿ, ಬರವಲ್ದು. ಉಬ್ಬೇತಿ, ಬರವಲ್ದು.’”

ನೀರು ಬೀಳುತ್ತಲೇ ಇತ್ತು. ಅವರು ಎದ್ದು ನಲ್ಲಿ ಬಂದ್ ಮಾಡಲಿಲ್ಲ. ನಾನೇ ಹೋಗಿ ಮಾಡಿದೆ. ಆಮೇಲೆ ಅಡುಗೆಮನೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು.

ಇಪ್ಪತ್ತೈದು ವರ್ಷದ ಹಿಂದೆ ರಬಕವಿಯಲ್ಲಿ ಅವರ ಹೆಂಡತಿ ಬಾಣಂತಿ. ಒಂಬತ್ತು ದಿನದ ಹೆಣ್ಣು ಕೂಸು. ಶ್ರಾವಣದ ಜಿಟಿಜಿಟಿ ಮಳೆ. ಮಗ್ಗದ ಮನೆಗೆ ಹೊಂದಿದ ಸಣ್ಣ ಕೋಣೆಯಲ್ಲಿ ಅವರ ಅವ್ವ ಕೆಂಡ ಇಟ್ಟು, ಯಾರೂ ಒಳಗೆ ಬರಬಾರದೆಂದು ಹೊರಗಿನಿಂದ ಅಗುಳಿ ಹಾಕಿ ಕಿರಾಣಿ ಅಂಗಡಿಗೆ ಹೋಗಿದ್ದಳು. ಗೋಡೆಯ ಈಚೆ ಇವರು ಮಗ್ಗದಲ್ಲಿದ್ದರು. ಮಗ್ಗದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬಾಗಿಲು ತೆಗೆದಾಗ ಹೆಂಡತಿ ಕಿಡಕಿಯ ಕೆಳಗೆ ಬಿದ್ದಿದ್ದಳು. ಮಳೆಗೆ ಕಿಡಕಿಯ ಕಟ್ಟಿಗೆ ಕದ ಉಬ್ಬಿಹೋಗಿತ್ತು. ಎರಡೂ ಕೈಯಲ್ಲಿ ಕೂಸು, ಭುಜದ ಮೇಲೆ ಕದಕ್ಕೆ ಗುದ್ದಿದ ಗಾಯ. ಇಬ್ಬರಲ್ಲೂ ಉಸಿರಿರಲಿಲ್ಲ.

“ಮಂದಿ, ಗಾಳಿ ಬಡೀತು ಅಂದ್ರು. ನಾನೂ ಹಂಗ ತಿಳದಿದ್ನಿರಿ. ಎರಡ ವರ್ಷದ ಮ್ಯಾಲ ಒಬ್ರ ಡಾಕ್ಟರ್ ನಂಗ ತಿಳಿಸಿ ಹೇಳಿದ್ರು. ಮನೀಗೆ ಬಂದಾವ್ನ ಸಿಟ್ಟಿನ್ಯಾಗ ಅವ್ವಗ ಅಂದಬಿಟ್ನಿ. ಗಾಳಿ ಅಲ್ಲ ಬೇ, ನೀನ ಕೊಂದಿ ಅಂದ್ನಿ.” ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. “ಅವತ್ತ ಅಂಗಳಕ್ಕ ಇಳದಾಕಿ ಮತ್ತ ಮನ್ಯಾಗ ಕಾಲ ಇಡಲಿಲ್ರಿ. ಮಳ್ಯಾಗ ಅಲ್ಲೇ, ಬಿಸಲಾಗ ಅಲ್ಲೇ. ಮೂರ ತಿಂಗಳ ಅಂಗಳದಾಗ ಕುಂತ ಸತ್ಲು. ನಾ ಕಾಲ ಹಿಡದ ಕರದ್ನಿ, ಬರ್ಲಿಲ್ಲ. ಖರೆ ಮಾತ ಅದು, ಬಾಯಾರ. ಖರೇನ ಹೇಳಿದ್ನಿ. ಆದ್ರ ಅದರಿಂದ ಸತ್ತಾವ್ರ ಯಾರೂ ತಿರಗಿ ಬರ್ಲಿಲ್ಲ, ಇದ್ದಾಕಿ ಹೋದ್ಲು.”

ಸುಮಾ ಅಳುತ್ತಿದ್ದಳು. ಅವರ ಈ ಕಥೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಮಖಂಡಿಯಲ್ಲೇ ಯಾರಿಗೂ ಹೇಳಿಲ್ಲವೆಂದು ಅವರೇ ಹೇಳಿದರು. ಮಿದುಳಿಗೆ ಆಕ್ಸಿಜನ್ ಕಡಿಮೆಯಾದರೆ ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ. ನಾನು ಅಪ್ಪನ ಕೋಲು ಕೇಳಿದ್ದು ಹಾಗೆಯೇ. ಆದರೆ ಅಪ್ಪ ನನ್ನ ಅಪ್ಪ, ಅವನ ನಡಿಗೆ ನನ್ನ ತಲೆಯಲ್ಲಿ ಮೊದಲೇ ಇತ್ತು. ಉಬ್ಬಿದ ಕದ ಸುಮಾಳ ತಲೆಯೊಳಗೆ ಎಲ್ಲಿಂದ ಬಂತು? ನಮ್ಮ ಕೋಣೆಯ ಕಿಡಕಿ ಕಬ್ಬಿಣದ್ದು, ಗಾಜಿನದ್ದು. ಅದು ಮಳೆಗೆ ಉಬ್ಬುವಂಥದ್ದಲ್ಲ.

“ಸೈನ್ಸ್ ಕಲಸಾವ್ರ ಅದೀರಿ. ನೀವ ಹೇಳ್ರಿ,” ಎಂದರು. ಅದು ಚೇಷ್ಟೆಯ ಮಾತಾಗಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವರ ಹಾಗೆ ನನ್ನ ಮಾರಿ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಾದು, ಒಣಗಿದ ಜಾಳಿಗೆಯನ್ನು ಒಳಗೆ ಕೂಡಿಸಿ, ಮಷೀನು ಚಾಲೂ ಮಾಡಿದರು. ಅವರ ಕೈಯಲ್ಲಿದ್ದ ನೂಲು ನೆಟ್ಟಗೆ ಎದ್ದು ಪಟಪಟ ಹಾರಿತು.

ಅದಾದ ಮೇಲೆ ಎಂಟು ವರ್ಷ, ಬೇಸಿಗೆಗೊಮ್ಮೆ ತಪ್ಪದೆ ಬಂದರು. ಅವ್ವ ಗುಡಿಗೆ ಹೋದ ಹೊತ್ತು ನೋಡಿ ನಾನು ಕರೆಸುತ್ತಿದ್ದೆ. ಕೂಸು ಬೆಳೆದು ರಜೆಗೆ ಬಂದಾಗ ಅವನ ತಲೆ ಮೇಲೆ ಕೈಯಿಟ್ಟು, ಒಂದು ಮಾತೂ ಆಡದೆ ಹೋಗುತ್ತಿದ್ದರು. ಕೊನೆಯ ಎರಡು ವರ್ಷ ಮೊಣಕಾಲು ನೋವೆಂದು ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ಸುದ್ದಿ ತಿಳಿದ ಮುಂದಿನ ಭಾನುವಾರ ರಬಕವಿಗೆ ಹೋಗಿ ಅವರ ಅಕ್ಕನನ್ನು ಕಂಡೆ. ಆ ಮಗ್ಗದ ಮನೆಯನ್ನೂ ಅದರ ಪಕ್ಕದ ಸಣ್ಣ ಕೋಣೆಯನ್ನೂ ಅವರು ತೋರಿಸಿದರು. ಕೋಣೆಯಲ್ಲಿ ಒಂದು ಮಂಚ, ಗೂಟಕ್ಕೆ ಅಂಗಿ. ಕಿಡಕಿಗೆ ಚೌಕಟ್ಟು ಮಾತ್ರ ಇತ್ತು, ಕದ ಇರಲಿಲ್ಲ.

“ಇಲ್ಲೇ ಮಲಗತಿದ್ರೇನ್ರಿ ಅವರು?”

“ಮೊದಲ ಇಲ್ರಿ. ಈ ಖೋಲಿಗೆ ಬೆನ್ನ ಮಾಡಿ ಮಾಳಗಿ ಮ್ಯಾಲ ಮಲಗಾವ. ಮಳಿ ಬಂದ್ರ ಕಟ್ಟಿ ಮ್ಯಾಲ. ಒಂದ ಬ್ಯಾಸಗಿ ಜಮಖಂಡಿಯಿಂದ ಬಂದಾವ್ನ ಕದಾ ಕಿತ್ತ ಒಲಿಗೆ ಹಾಕಿದ. ಹಾಸಿಗಿ ಒಳಗ ತಂದ. ಯಾಕಪಾ ಅಂದ್ರ, ‘ಅಕಿ ಹೊರಗ ಹೋಗ್ಯಾಳ ಅಕ್ಕಾ, ಇನ್ನ ನಾ ಒಳಗ ಇರಬಹುದು’ ಅಂದ. ನಂಗ ಇವತ್ತಿಗೂ ಅದರ ಅರ್ಥ ಆಗಿಲ್ರಿ.”

ನಮ್ಮ ಕೋಣೆಯಲ್ಲಿ ಅವರ ಏಟಿಗೆ ಸಿಡಿದ ಕಿಡಕಿಯ ಗಾಜು ನನ್ನ ಕಣ್ಣಿಗೆ ಕಟ್ಟಿತು.

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಎಂಬತ್ತು ದಾಟಿದ ಕಣ್ಣು, ಆದರೂ ಬತ್ತಿ ನೆಟ್ಟಗೆ ಬರುತ್ತವೆ. ರಬಕವಿಯಾಗ ಏನಿತ್ತ ಎಂದು ಕೇಳಿದಳು.

“ಗಾಳಿ ಮಿಸ್ತ್ರಿ ತೀರಕೊಂಡ್ರಂತ ಬೇ.”

ಅವ್ವನ ಬೆರಳು ನಿಂತವು.

“ಅವತ್ತ ಆಸ್ಪತ್ರ್ಯಾಗ ಅಷ್ಟ ಮಂದಿ ಮುಂದ ಬಾಯಿಗೆ ಬಂದಂಗ ಬೈದ್ನಿ. ಒಂದ ಮಾತ ತಿರಗಿ ಅನ್ನಲಿಲ್ಲ ಅಂವಾ.”

“ಹೂಂ.”

“ತಪ್ಪ ಅವಂದ ಇತ್ತ, ಖರೆ. ಆದ್ರ ಬೇಕಂತ ಯಾರರ ಹಂಗ ಮಾಡ್ತಾರೇನ? ಮಾಫ್ ಮಾಡೇನಿ ಅಂತ ಒಂದ ಮಾತ ಹೇಳಬೇಕಿತ್ತ. ಇವತ್ತ ಹೇಳೂಣು, ನಾಳಿ ಹೇಳೂಣು ಅಂತ ಇಷ್ಟ ವರ್ಷ ಹೋತ ನೋಡ. ಈಗ ಅಂವಾನ ಹೋದ.”

ಮೂವತ್ತು ವರ್ಷ ಮಕ್ಕಳಿಗೆ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಹೇಳಿಕೊಟ್ಟವಳು ನಾನು. ಸತ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಬೇಡವೆಂದು ತಲೆಯಾಡಿಸಿದವರು ಈಗ ಇರಲಿಲ್ಲ. ಹೇಳಿದರೆ ಸತ್ತ ಆ ಮನುಷ್ಯನ ಹೆಸರು ಚೊಕ್ಕವಾಗುತ್ತಿತ್ತು. ಅವ್ವ ಮಾರಿ ಎತ್ತಿ ನನ್ನನ್ನೇ ನೋಡುತ್ತಿದ್ದಳು.

“ನಾ ಹೇಳೇನಲ್ಲ ಬೇ,” ಎಂದೆ. “ಅವ್ವ ಮಾಫ್ ಮಾಡ್ಯಾಳ ಅಂತ, ಹಿಂದಕ ಮನಿಗೆ ಬಂದಾಗ ನಾನ ಹೇಳಿದ್ನಿ.”

“ಖರೆ?” ಅವ್ವನ ದನಿ ಸಣ್ಣದಾಯಿತು. “ಏನಂದಾ?”

“‘ಬಾಳ ಛಲೋ ಆತ್ರಿ’ ಅಂದ್ರು.”